ಅಹವಾಲು ಸಭೆಯ ಸುದ್ದಿ ಘಟ್ಟ ದಾಟಲಿ

ಮಾನ್ಯ ಸಂಪಾದಕರೇ,

ಜಿಲ್ಲೆಗೊಂದು ಪುಟ ಬಂದ ಮೇಲೆ ಊರಿನ ಸುದ್ದಿಗೆ ಜಾಗ ಹೆಚ್ಚಿದ್ದು ನಿಜ. ಆದರೆ ಆ ಸುದ್ದಿ ಜಿಲ್ಲೆಯ ಗಡಿಯಲ್ಲೇ ನಿಂತುಬಿಡುತ್ತಿದೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತಯಾರಿಸುವ ಯೋಜನೆ ಇದು. 2,000 ಮೆಗಾವಾಟ್ ಸಾಮರ್ಥ್ಯದ ಈ ಯೋಜನೆಯ ಮೇಲಿನ ಜಲಾಶಯ ತಲಕಳಲೆ ಸಾಗರ ತಾಲ್ಲೂಕಿನದು, ಕೆಳಗಿನ ಗೇರುಸೊಪ್ಪ ಹೊನ್ನಾವರದ್ದು, ನಡುವೆ ಸಿಂಗಳೀಕಗಳ ಅಭಯಾರಣ್ಯ. ನದಿ ಒಂದೇ ಆದರೂ ಮೇಲಿನವರು ಓದುವುದು ಶಿವಮೊಗ್ಗದ ಪುಟ, ಕೆಳಗಿನವರು ಓದುವುದು ಉತ್ತರ ಕನ್ನಡದ ಪುಟ. ಪರಿಸರ ಅನುಮತಿಗೆ ಮೊದಲು ಜನರ ಅಭಿಪ್ರಾಯ ಕೇಳುವ ಅಹವಾಲು ಸಭೆಗಳೂ 2025ರ ಸೆಪ್ಟೆಂಬರ್‌ನಲ್ಲಿ ಎರಡು ಜಿಲ್ಲೆಗಳಲ್ಲಿ ಬೇರೆ ಬೇರೆಯಾಗಿ ನಡೆದವು. ಘಟ್ಟದ ಮೇಲೆ ಕೇಳಿದ ಪ್ರಶ್ನೆಗೆ ಏನು ಉತ್ತರ ಬಂತೆಂದು ಕೆಳಗಿನವರಿಗೆ ಗೊತ್ತಾದರೆ ತಾನೇ, ಅವರು ಅಲ್ಲಿಂದ ಮುಂದಿನ ಪ್ರಶ್ನೆ ಕೇಳುವುದು?

ಅಷ್ಟು ದೊಡ್ಡ ಯೋಜನೆ ಹೇಗೋ ಮುಖಪುಟಕ್ಕೆ ಬಂತು. ನಮ್ಮ ಚಿಂತೆ ಕಲ್ಲು ಗಣಿ, ಡಿಸ್ಟಿಲರಿಯಂಥವುಗಳದ್ದು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯು ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ದಿನಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಕಡೆ ಡಂಗುರ ಸಾರಬೇಕೆಂದೂ ಅದರಲ್ಲಿದೆ. ಆದರೆ ಪತ್ರಿಕೆಯ ಯಾವ ಆವೃತ್ತಿಯಲ್ಲಿ ಎಂಬ ಮಾತಿಲ್ಲ. ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕೆಂಬ ಲೆಕ್ಕ, ಕೂಡ ಬೇಕಿಲ್ಲ. ಹತ್ತೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಹೀಗಾಗಿ ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಬಂದ ಪ್ರಕಟಣೆ ಯಾರ ಕಣ್ಣಿಗೂ ಬೀಳದೆ 30 ದಿನ ಕಳೆದುಹೋಗುತ್ತದೆ. ಯೋಜನೆಯ ಪರಿಸರ ಪರಿಣಾಮದ ಕರಡು ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಜಿಲ್ಲಾಧಿಕಾರಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಹೋಗಿ ಅದನ್ನು ಓದಿ, ಲಿಖಿತ ಆಕ್ಷೇಪಣೆ ಬರೆದು, ಮೊಹರು ಹಾಕಿದ ಸ್ವೀಕೃತಿ ಪಡೆಯಲು ಆ 30 ದಿನವೂ ಬೇಕು.

ಮೊದಲು ಈ ಪ್ರಕಟಣೆಯನ್ನು ಸುದ್ದಿ ಮಾಡುತ್ತಿದ್ದವರು ತಾಲ್ಲೂಕಿನ ಅರೆಕಾಲಿಕ ವರದಿಗಾರರು. ಸರ್ವೆ ನಂಬರ್ ಹಿಡಿದು ಊರಿಗೆ ಹೋಗಿ, ಕೆರೆ ಎಷ್ಟು ದೂರ, ಶಾಲೆ ಎಷ್ಟು ದೂರ ಎಂದು ನೋಡಿ ಬರೆಯುತ್ತಿದ್ದರು. ಈಗ ಅದೇ ಕೈಗೆ ವರದಿ, ಫೋಟೊ, ವಿಡಿಯೊ, ಅದರ ಮೇಲೆ ವಿಶೇಷ ಪುರವಣಿಗೆ ಜಾಹೀರಾತು ತರುವ ಕೆಲಸವೂ ಬಿದ್ದಿದೆ. ಜಾಹೀರಾತು ಕೊಟ್ಟ ಗುತ್ತಿಗೆದಾರನ ಕ್ರಷರ್ ಬಗ್ಗೆ ಬರೆಯುವುದು ಅವರಿಗೆ ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ವರದಿಗಾರರು ಬರದ ಕಡೆ ಸಂಘಟನೆಗಳು ತಾವೇ ವಾಟ್ಸ್‌ಆ್ಯಪ್‌ನಲ್ಲಿ ಪತ್ರಿಕಾ ಹೇಳಿಕೆ ಕಳಿಸುತ್ತವೆ. ಅದು ಹಾಗೆಯೇ ಅಚ್ಚಾಗುವುದರಿಂದ ಸಂಘಟನೆಗಳಿಗೆ ಲಾಭವಾದಂತೆ ಕಾಣಬಹುದು, ಆದರೆ ಆಗುತ್ತಿರುವುದು ನಷ್ಟ. ಸಂಘಟನೆಯ ಹೇಳಿಕೆಯೂ ಕಂಪನಿಯ ಹೇಳಿಕೆಯೂ ಪಕ್ಕಪಕ್ಕದಲ್ಲಿ ಬಂದರೆ ಓದುಗರಿಗೆ ಸಿಗುವುದು ಎರಡು ಆರೋಪ. ಯಾವುದು ನಿಜವೆಂದು ಸ್ಥಳಕ್ಕೆ ಹೋಗಿ ನೋಡಿದವರು ಯಾರೂ ಇರುವುದಿಲ್ಲ. ಸಂಘಟನೆಗಳ ಕಡೆಯ ತಪ್ಪನ್ನೂ ಹೇಳಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಹೇಳಿಕೆ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ; ಪುಟ ಕಟ್ಟುವ ಗಡಿಬಿಡಿಯಲ್ಲಿ ಅದನ್ನು ಬಿಡಿಸುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಎಲ್ಲ ಮೊಬೈಲುಗಳಲ್ಲೂ ಸರಿಯಾಗಿ ಕಾಣುವ ಯುನಿಕೋಡ್‌ನಲ್ಲಿ ಒಂದೇ ಪುಟ ಬರೆಯಿರಿ. ಮೊದಲ ಸಾಲಿನಲ್ಲೇ ಸಭೆಯ ದಿನ, ಸ್ಥಳ, ಸರ್ವೆ ನಂಬರ್ ಇರಲಿ, ಜೊತೆಗೆ ಮೂಲ ಪ್ರಕಟಣೆಯ ಸ್ಪಷ್ಟ ಫೋಟೊ ಇರಲಿ. ವಿಶೇಷಣಗಳನ್ನು ಬಿಡಿ.

ಪತ್ರಿಕೆಯಿಂದ ಬೇಡುವುದೂ ಹೆಚ್ಚೇನಿಲ್ಲ. ಅಹವಾಲು ಸಭೆಯ ಪ್ರಕಟಣೆ ಬಂದ ವಾರವೇ ಅದನ್ನು ನಾಲ್ಕು ಸಾಲಿನ ಸುದ್ದಿಯಾಗಿಸಿ, ನದಿಯೋ ಕಾಡೋ ಹಂಚಿಕೊಂಡ ಪಕ್ಕದ ಜಿಲ್ಲೆಯ ಪುಟದಲ್ಲೂ ಹಾಕಿ. ಪರಿಸರ ಅನುಮತಿ ಸಿಕ್ಕಾಗ ಕಂಪನಿ ಕೊಡುವ ಜಾಹೀರಾತನ್ನೂ ಹೀಗೇ ಗಮನಿಸಿ. ಆ ಅನುಮತಿಯನ್ನು ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು ಇರುವುದು 30 ದಿನ; ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಮತ್ತೆ 60 ದಿನದವರೆಗೆ ಅವಕಾಶ ಸಿಗಬಹುದು, ಅದರಾಚೆಗಿಲ್ಲ.

ಇನ್ನೊಂದು ಮಾತು ವರದಿಗಾರರಿಗೆ. ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅದೇ ದಿನ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಹಾಕಬೇಕು ಎಂಬುದು ನಿಯಮ. ಅಷ್ಟು ಹೊತ್ತಿಗೆ ಕುರ್ಚಿಗಳು ಖಾಲಿಯಾಗಿರುತ್ತವೆ, ಫೋಟೊ ತೆಗೆದವರು ಹೊರಟಿರುತ್ತಾರೆ. ದಯವಿಟ್ಟು ಆ ಅರ್ಧ ಗಂಟೆ ಕುಳಿತಿರಿ. ಬೆಳಿಗ್ಗೆ ಜನ ಹೇಳಿದ್ದರಲ್ಲಿ ಯಾವುದು ಆ ಸಾರಾಂಶದಲ್ಲಿಲ್ಲವೋ ಅದನ್ನು ಮರುದಿನ ಬರೆಯಿರಿ.

– ಶರಾವತಿ ಕಣಿವೆಯ ಓದುಗರು, ಸಾಗರ ಮತ್ತು ಹೊನ್ನಾವರ