ಬೋಲ್ಟ್ ತಿರುಗಿಸುವ ಮುಂಚೆ

ಟ್ರಾಯ್, ಮಿಷಿಗನ್
ಏಪ್ರಿಲ್ 12

ಚಿ. ಸುಹಾಸನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಅಕ್ಕನಿಗೆ ಫೋನ್ ಮಾಡ್ತಾ ಇರು, ನೀನು ಮಾಡಲ್ಲ ಅಂತ ನನ್ನ ಹತ್ತಿರ ದೂರು ಬಂದಿದೆ.

ನೀನು ಕಳಿಸಿದ ಫೋಟೋ ನೋಡಿದೆ. 1969ರ ಪ್ಲಿಮತ್ ರೋಡ್ ರನ್ನರ್ ಕಾರು, ಅದೂ 383 ಘನ ಇಂಚಿನ ಎಂಜಿನ್ನಿನದು! ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಆ ಬೀಪ್ ಬೀಪ್ ಹಾರ್ನ್ ಇನ್ನೂ ಕೂಗುತ್ತದೆಯಾ? ರೋಡ್ ರನ್ನರ್ ಅನ್ನುವ ಆ ಕಾರ್ಟೂನ್ ಹಕ್ಕಿಯ ಹೆಸರು, ಚಿತ್ರಕ್ಕೋಸ್ಕರ ಪ್ಲಿಮತ್‌ನವರು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿದ್ದರು. ಹಾರ್ನ್ ಹೋಗಿದ್ದರೆ ಮೊದಲು ಅದನ್ನು ಸರಿಮಾಡಿಸು.

ಆದರೆ ಫೋಟೋ ಕೆಳಗಿನ ಸಾಲು ಓದಿ ಕೂತಲ್ಲೇ ಒಂದು ಸಲ ಬೆವರಿದೆ. "ಮಾಮ, ಕಾರು ಮುಂದುಗಡೆ ಮೂತಿ ಎತ್ಕೊಂಡು ನಿಂತಿದೆ. ಶನಿವಾರ ಎರಡು ಇಂಚು ಇಳಿಸ್ತೀನಿ. ಬರೀ ಎರಡು ಬೋಲ್ಟ್ ಅಲ್ವಾ." 1987ರಲ್ಲಿ ನಾನು ನಿನ್ನ ಅತ್ತೆಗೆ ಹೇಳಿದ್ದೂ ಇದೇ ಮಾತು.

ನೀನು ಹೇಳಿದ್ದು ನಿಜ. ಷೆವ್ರೊಲೆ ಕಮಾರೋ ಇಟ್ಟುಕೊಂಡವರು ಕಾರು ಇಳಿಸಲು ಸುರುಳಿ ಸ್ಪ್ರಿಂಗ್ (ಕಾಯಿಲ್) ಬಿಚ್ಚಬೇಕು, ಕತ್ತರಿಸಬೇಕು, ಇಲ್ಲವೇ ಹೊಸದು ತರಬೇಕು. ಪ್ಲಿಮತ್ ಮಾಡುತ್ತಿದ್ದ ಕ್ರೈಸ್ಲರ್‌ನವರು 1957ರಿಂದಲೇ ತಮ್ಮ ಕಾರುಗಳ ಮುಂದುಗಡೆಗೆ ಸುರುಳಿ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ ಹಾಕುತ್ತಾ ಬಂದರು. ಉದ್ದನೆಯ ಉಕ್ಕಿನ ಸಲಾಕೆ. ಹಿಂದಿನ ತುದಿ ಕಾರಿನ ಅಡಿಯ ಅಡ್ಡಪಟ್ಟಿಯಲ್ಲಿ (ಕ್ರಾಸ್ ಮೆಂಬರ್) ಬಿಗಿ, ಮುಂದಿನ ತುದಿ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನಲ್ಲಿ (ಕಂಟ್ರೋಲ್ ಆರ್ಮ್). ಚಕ್ರ ಮೇಲೆದ್ದಾಗ ಒದ್ದೆ ಪಂಚೆ ಹಿಂಡಿದ ಹಾಗೆ ಸಲಾಕೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಆರ್ಮ್‌ನ ಕೆಳಗಿರುವ ಬೋಲ್ಟನ್ನು ಬಲಕ್ಕೆ ತಿರುಗಿಸಿದರೆ ಕಾರು ಏಳುತ್ತದೆ, ಎಡಕ್ಕೆ ತಿರುಗಿಸಿದರೆ ಕೂರುತ್ತದೆ. ಇಷ್ಟು ಸುಲಭವಾಗಿ ಇಟ್ಟಿದ್ದೇ ತಪ್ಪಾಯಿತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಹತ್ತಿರ ಆಗ 1972ರ ಪ್ಲಿಮತ್ ಡಸ್ಟರ್ ಇತ್ತು. ಎರಡು ಇಂಚು ಇಳಿಸಿದೆ. ನೋಡಲು ಚಿರತೆ ಹೊಂಚು ಹಾಕಿ ಕೂತ ಹಾಗಿತ್ತು. ಮುಂದಿನ ವಾರವೇ ಯುಗಾದಿ. ಕನ್ನಡ ಕೂಟದ ಊಟಕ್ಕೆ ನಿನ್ನ ಅತ್ತೆ ಒಂದು ದೊಡ್ಡ ಪಾತ್ರೆ ಒಬ್ಬಟ್ಟಿನ ಸಾರು ಮಾಡಿದ್ದಳು. ಮಿಷಿಗನ್‌ನಲ್ಲಿ ಯುಗಾದಿ ಅಂದರೆ ಹಿಮ ಕರಗಿ ರಸ್ತೆ ತುಂಬಾ ಗುಂಡಿ ಬೀಳುವ ಕಾಲ. ಒಂದು ಗುಂಡಿಗೆ ಬಲಗಡೆ ಚಕ್ರ ಇಳಿಯಿತು. ಢಣ್ ಅಂತು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಯಿತು, ಕಾರು ಪಕ್ಕದ ಲೇನಿಗೆ ಹಾರಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಸಾರೆಲ್ಲ ಹಿಂದಿನ ಸೀಟಿನ ಕೆಳಗೆ. ಆ ಬೇಸಿಗೆಯಿಡೀ ಕಾರಿನಲ್ಲಿ ಕರಿಬೇವು, ಹುಣಸೆಹಣ್ಣಿನ ವಾಸನೆ. ನಿನ್ನ ಅತ್ತೆ ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಕೆಳಗೆ ನುಗ್ಗಿ ನೋಡಿದಾಗ ತಿಳಿಯಿತು. ಬೋಲ್ಟ್ ಸಡಿಲ ಮಾಡಿದರೆ ಕಾರು ಇಳಿಯುತ್ತದೆ, ಬಾರ್ ಮಾತ್ರ ಗಟ್ಟಿಯಾಗುವುದಿಲ್ಲ. ಎರಡು ಇಂಚು ಇಳಿಸಿದೆ ಅಂದರೆ ಚಕ್ರ ಮೇಲೇಳಲು ಇದ್ದ ಜಾಗದಲ್ಲಿ ಎರಡು ಇಂಚು ತಿಂದೆ ಅಂತಲೇ ಲೆಕ್ಕ. ಮೆತ್ತನೆ ಬಾರ್, ಸ್ವಲ್ಪವೇ ಜಾಗ. ಆರ್ಮ್ ಹೋಗಿ, ಅದರ ಓಟ ತಡೆಯಲು ಇಟ್ಟಿರುವ ಬಂಪ್ ಸ್ಟಾಪ್ ರಬ್ಬರಿಗೆ ಗುದ್ದುತ್ತದೆ. ಗುದ್ದಿದ ಆ ಕ್ಷಣಕ್ಕೆ ನಿನ್ನ ಕಾರಿಗೆ ಸ್ಪ್ರಿಂಗೇ ಇಲ್ಲ.

ಹಾಗಾಗಿ ಇಳಿಸಬೇಕು ಅಂದರೆ ಮೊದಲು ಬಾರ್ ದಪ್ಪ ಮಾಡು. ನಿನ್ನ ಕಾರಿನದು ಸುಮಾರು 0.9 ಇಂಚಿನದು. ಬಿಗಿತ ಹೆಚ್ಚುವುದು ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ. ಒಂದು ಇಂಚಿನ ಬಾರ್ ನೋಡಲು ಕೂದಲೆಳೆಯಷ್ಟೇ ಹೆಚ್ಚು ದಪ್ಪ ಅನ್ನಿಸುತ್ತದೆ, ಆದರೆ ಬಿಗಿತ ಒಂದೂವರೆ ಪಟ್ಟು. ಅದನ್ನು ಹಾಕಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿ, ಒಂದು ಇಂಚು ಇಳಿಸು. ಎರಡಲ್ಲ. ಹಾಕುವಾಗ ಎಡಗಡೆಯದು ಬಲಗಡೆಗೆ ಹೋಗಬಾರದು, ಅವು ತಿರುಚುವ ದಿಕ್ಕು ಬೇರೆ ಬೇರೆ. ಹಳೆಯದನ್ನು ಎಳೆಯಲು ಪೈಪ್ ರೆಂಚ್ ಹಾಕಿ ಹಿಡಿಯಬೇಡ. ಉಕ್ಕಿನ ಮೇಲೆ ಒಂದು ಗೀರು ಬಿದ್ದರೂ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಇನ್ನೊಂದು ಅನುಮಾನ. ಅದು ನಿಜವಾಗಲೂ ಎತ್ತರ ಇದೆಯಾ? ಹಿಂದಿನ ಮಾಲೀಕರು ಯಾರೋ ಬೋಲ್ಟ್ ತಿರುಗಿಸಿ ಎತ್ತಿರಬಹುದು. ಹಿಂದಿನ ಚಕ್ರಗಳ ಸ್ಪ್ರಿಂಗ್ ಪಟ್ಟಿಗಳು ಕುಸಿದಿದ್ದರೂ ಮೂತಿ ಎದ್ದ ಹಾಗೇ ಕಾಣುತ್ತದೆ. ಚಕ್ರದ ಮೇಲಿನ ಫೆಂಡರ್‌ನಿಂದ ನೆಲಕ್ಕೆ ಅಳೆದರೆ ಸಾಲದು. ಕಂಪನಿಯ ಸರ್ವೀಸ್ ಮ್ಯಾನ್ಯುಯಲ್ ಆರ್ಮ್ ಚಕ್ರಕ್ಕೆ ಸೇರುವ ಕೆಳಗಿನ ಬಾಲ್ ಜಾಯಿಂಟಿನ ಹತ್ತಿರ ಒಂದು, ಬೋಲ್ಟ್ ಕೂರುವ ಜಾಗದ ಹತ್ತಿರ ಒಂದು ಅಳೆದು, ಎರಡರ ವ್ಯತ್ಯಾಸ ನೋಡು ಅನ್ನುತ್ತದೆ. ಸಮತಟ್ಟು ನೆಲ, ಟ್ಯಾಂಕ್ ಫುಲ್, ಟೈರಿನಲ್ಲಿ ಸರಿಯಾದ ಗಾಳಿ. ಎರಡೂ ಕಡೆ ಬರೆದುಕೋ.

ಇಳಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸದೆ ಓಡಿಸಬೇಡ. ಚಕ್ರದ ತಲೆ ಒಳಕ್ಕೆ ವಾಲುತ್ತದೆ (ಅದು ಕ್ಯಾಂಬರ್), ಎರಡು ಚಕ್ರ ಮುಂದಕ್ಕೆ ನೋಡುವ ದಿಕ್ಕೂ (ಟೋ) ಕೆಡುತ್ತದೆ. ನನ್ನ ಡಸ್ಟರಿನ ಟೈರಿನ ಒಳಅಂಚು ಎರಡೇ ತಿಂಗಳಲ್ಲಿ ದಾರ ಕಾಣುವಷ್ಟು ಸವೆದಿತ್ತು. ಅಲೈನ್‌ಮೆಂಟ್ ಅಂಗಡಿಯವರು 1969ರ ಪುಸ್ತಕದ ಅಂಕಿ ಹಾಕಲು ಹೋದರೆ ತಡೆ. ಅದು ಹಳೆಯ ಬಗೆಯ ಬಯಸ್ ಪ್ಲೈ ಟೈರಿನ ಕಾಲದ್ದು. ಈಗಿನ ರೇಡಿಯಲ್ ಟೈರಿಗೆ ಪಾಸಿಟಿವ್ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ, 2ರಿಂದ 3 ಡಿಗ್ರಿ ಸಿಕ್ಕರೆ ಹೈವೇಯಲ್ಲಿ ಕಾರು ನೆಟ್ಟಗೆ ಹೋಗುತ್ತದೆ. ಮೇಲಿನ ಆರ್ಮ್‌ಗೆ ಆಫ್‌ಸೆಟ್ ಬುಷ್, ಅಂದರೆ ತೂತು ನಡುವೆ ಇರದೆ ಪಕ್ಕಕ್ಕಿರುವ ರಬ್ಬರ್ ಬುಷ್, ಹಾಕಿದರೆ ಅಷ್ಟು ಸಿಗುತ್ತದೆ. ಮೂವತ್ತು ವರ್ಷ ಬುಷ್ ಮಾಡುವ ಕಾರ್ಖಾನೆಯಲ್ಲೇ ಕಳೆದವನು ನಾನು, ಈ ವಿಷಯದಲ್ಲಿ ಎದುರು ಮಾತಾಡಬೇಡ.

ಬ್ರೇಕ್ ಬಗ್ಗೆ ನೀನೇನೂ ಬರೆದಿಲ್ಲ. ನಾಲ್ಕೂ ಕಡೆ ಹಳೆಯ ಡ್ರಮ್ ಬ್ರೇಕ್ ಇದ್ದರೆ ಆ ಮಾತು ಬೇರೆ ಆಡೋಣ.

ಆಗಸ್ಟ್‌ನ ಮೂರನೇ ಶನಿವಾರಕ್ಕೆ ಇಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆ ವುಡ್‌ವರ್ಡ್ ಕ್ರೂಸ್‌ಗೆ ಕಾರು ತರಬೇಕು ಅಂತ ನಿನಗೆ ಆತುರ ಇರಬಹುದು. ನಾಲ್ಕು ತಿಂಗಳಿದೆ, ಸಾಕು. ಸದ್ಯಕ್ಕೆ ಆ ಎರಡು ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸುಮ್ನಿರು. ದಿನಾ ಸ್ವಲ್ಪ ಸ್ವಲ್ಪ ಬಿಡು. ಶನಿವಾರ ಬೆಳಿಗ್ಗೆ ನಾನೇ ಕೊಲಂಬಸ್‌ಗೆ ಬರುತ್ತೇನೆ. ಜ್ಯಾಕ್ ಸ್ಟ್ಯಾಂಡ್ ನನ್ನವೇ ತರುತ್ತೇನೆ, ನಿನ್ನವನ್ನು ಫೋಟೋದಲ್ಲಿ ನೋಡಿದೆ, ನಂಬಿಕೆ ಬರಲಿಲ್ಲ. ಅತ್ತೆ ಸಾರು ಕಳಿಸುತ್ತಾಳಂತೆ, ಆದರೆ ಈ ಸಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ.

ಇಂತಿ ನಿನ್ನ
ಮಾಮ