ಸೈಕಲ್ ಸೀಟಿಗೆ ಕೊಬ್ಬರಿ ಎಣ್ಣೆ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಗಾಡಿಗಳನ್ನು ಜೋಪಾನ ಮಾಡುವ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಕಾರು, ಬೈಕಿನ ಜೊತೆ ಸೈಕಲ್ಲಿಗೂ ನಾಲ್ಕು ಸಾಲು ಸಿಕ್ಕಿದ್ದು ಖುಷಿ. ಆದರೆ ಚರ್ಮದ ಸೀಟಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿ, ಪ್ಲಾಸ್ಟಿಕ್ ಕಟ್ಟಿಟ್ಟರೆ ಸಾಕು ಎಂದಿದ್ದನ್ನು ಒಪ್ಪಲಾರೆ. ದಯವಿಟ್ಟು ತಿದ್ದಿ. ಸಾಗರದಲ್ಲಿ ಸೈಕಲ್ ರಿಪೇರಿ ಮಾಡುತ್ತಲೇ ತಲೆ ನೆರೆತವನು ನಾನು. ಎಣ್ಣೆ ಕುಡಿದು ಜೋತುಬಿದ್ದ ಸೀಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ರೆಕ್ಸಿನ್, ಫೋಮ್ ಸೀಟುಗಳ ಮಾತು ಬೇರೆ. ಚರ್ಮದ ಸೀಟಿನೊಳಗೆ ಮೆತ್ತೆ ಇರುವುದಿಲ್ಲ. ಸುಮಾರು 5 ಮಿ.ಮೀ. ದಪ್ಪದ ಒಂದೇ ತುಂಡು ಚರ್ಮವನ್ನು ಕಬ್ಬಿಣದ ಫ್ರೇಮಿನ ಹಿಂದಕ್ಕೂ ಮುಂದಕ್ಕೂ ರಿವೆಟ್ ಹೊಡೆದು ಬಿಗಿದಿರುತ್ತಾರೆ, ಹಗ್ಗದ ಮಂಚದ ಹಾಗೆ. ಆ ಬಿಗಿಯೇ ಅದರ ಜೀವ. ನೆಂದಾಗ ಚರ್ಮ ಹಿಗ್ಗುತ್ತದೆ. ಆಗ ಅದರ ಮೇಲೆ ಕೂತು ತುಳಿದರೆ ನಡು ತಗ್ಗಾಗುತ್ತದೆ, ಅಂಚು ಹೊರಕ್ಕೆ ಚಾಚಿ ತೊಡೆಗೆ ಉಜ್ಜುತ್ತದೆ. ಮತ್ತೆ ಮೊದಲಿನ ಆಕಾರ ಬರುವುದು ಕಷ್ಟ. ಎಣ್ಣೆ ಜಾಸ್ತಿಯಾದರೂ ಇದೇ ಗತಿ. ಜೇನುಮೇಣ, ಕೊಬ್ಬು ಸೇರಿಸಿ ಮಾಡಿದ ಸೀಟಿನ ಮುಲಾಮು ಸಿಗುತ್ತದೆ. ಮಳೆಗಾಲಕ್ಕೆ ಮೊದಲು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ. ತಳಕ್ಕೂ ಹಚ್ಚಿ.

ತಳ ಅಂದೆ, ಅಲ್ವಾ? ಎಲ್ಲರೂ ಮರೆಯುವುದು ಅದನ್ನೇ. ಮೇಲ್ಭಾಗ ನುಣುಪಾಗಿರುತ್ತದೆ, ನೀರು ಸ್ವಲ್ಪವಾದರೂ ಜಾರುತ್ತದೆ. ಕೆಳಭಾಗ ಒರಟು, ಬೇಗ ಹೀರುತ್ತದೆ. ಹಿಂದಿನ ಚಕ್ರ ಎರಚುವ ನೀರೆಲ್ಲ ಅಲ್ಲಿಗೇ. ಹಳೇ ಅಟ್ಲಾಸ್, ಹರ್ಕ್ಯುಲಿಸ್‌ಗಳಿಗೆ ಉದ್ದದ ಮಡ್‌ಗಾರ್ಡ್ ಇರುತ್ತಿತ್ತು, ಸೀಟು ಬದುಕುತ್ತಿತ್ತು. ಈಗ ಜೋಗದ ಕಡೆ ಸೈಕಲ್ಲಿನಲ್ಲಿ ಹೋಗುವ ಕೆಲವು ಹುಡುಗರು ಇಂಗ್ಲೆಂಡಿನ ಬ್ರೂಕ್ಸ್ ಸೀಟು ಹಾಕಿಸಿರುತ್ತಾರೆ. 1866ರಲ್ಲಿ ಶುರುವಾದ ಕಂಪನಿ, ಮಾಲು ಗಟ್ಟಿ. ಸೀಟಿಗೆ ಸಾವಿರಾರು ರೂಪಾಯಿ ಸುರಿದು ಮಡ್‌ಗಾರ್ಡ್ ಬಿಚ್ಚಿಸಿ ಓಡಾಡುತ್ತಾರೆ. ಅದೇನು ಶೋಕಿಯೋ!

ಕವರ್ ಬೇಕು, ಇಲ್ಲ ಅನ್ನುವುದಿಲ್ಲ. ಸೈಕಲ್ ಬಯಲಲ್ಲಿ ನಿಲ್ಲಿಸುವಾಗ ಹಾಕಿ. ಸ್ನಾನಕ್ಕೆ ತಲೆಗೆ ಹಾಕುವ ಶವರ್ ಕ್ಯಾಪ್ ಬಲು ಚೆನ್ನಾಗಿ ಕೂರುತ್ತದೆ, ಎಲಾಸ್ಟಿಕ್ ಇರುವುದರಿಂದ ಗಾಳಿಗೂ ಹಾರುವುದಿಲ್ಲ. ಆದರೆ ಮನೆಗೆ ಬಂದ ಕೂಡಲೇ ತೆಗೆಯಬೇಕು. ನಮ್ಮ ಮಲೆನಾಡಿನಲ್ಲಿ ವಾರಗಟ್ಟಲೆ ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುವುದು ಖಂಡಿತ.

ಇಷ್ಟಾದರೂ ನೆಂದರೆ? ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಜಗುಲಿಯಲ್ಲಿ ನಿಲ್ಲಿಸಿ. ಪೂರ್ತಿ ಒಣಗುವ ತನಕ ಕೂರಬೇಡಿ. ನಮ್ಮ ಕಡೆ ಬಚ್ಚಲ ಒಲೆಯ ಹತ್ತಿರ ತಂದಿಡುವ ಚಾಳಿ ಇದೆ. ಬಟ್ಟೆಗೆ ಅದು ಸರಿ. ಸೀಟಿನ ಚರ್ಮ ಮಾತ್ರ ಬಿಸಿಗೆ ಸೆಟೆದು, ರಿವೆಟ್ಟಿನ ಸುತ್ತ ಬಿರುಕು ಬಿಡುತ್ತದೆ. ಆಮೇಲೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ.

ಸೀಟು ಸಡಿಲ ಅನ್ನಿಸಿದರೆ ಮೂತಿಯ ಕೆಳಗೆ ಬಿಗಿ ಮಾಡುವ ನಟ್ ಇರುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸಿದರೆ ಸಾಕು. ಅದೂ ಚರ್ಮ ಒಣಗಿದ ಮೇಲೆ. ಒದ್ದೆ ಸೀಟಿಗೆ ಸ್ಪ್ಯಾನರ್ ಹಾಕಲೇಬೇಡಿ.

– ಹಳೇ ಸೈಕಲ್ ಮೆಕ್ಯಾನಿಕ್, ಸಾಗರ