ಪೋಜ್ನಾನ್‌ನಲ್ಲಿರುವ ಸಂದೀಪನಿಗೆ

ಚಿ. ಸಂದೀಪನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬರ್ಲಿನ್‌ಗೆ ರೈಲಿನಲ್ಲಿ ಮೂರೇ ಗಂಟೆ, ಅಲ್ಲಿ ಇದೇ ಕೆಲಸಕ್ಕೆ ಜಾಸ್ತಿ ಸಂಬಳ, ನಾನ್ಯಾಕೆ ಪೋಲೆಂಡಿನಲ್ಲಿ ಕೊಳೆಯಬೇಕು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಹೋಗಬೇಡ ಅನ್ನೋದಿಲ್ಲ. ಆದರೆ ನೀನಿರುವ ದೇಶ ಎಲ್ಲಿಂದ ಎಲ್ಲಿಗೆ ಬಂತು ಅಂತ ಒಮ್ಮೆ ನೋಡು.

ಬ್ಯಾಂಕಿನಲ್ಲಿ ನೋಟು ಎಣಿಸಿದ ನನ್ನಂಥವನಿಗೆ ಮೊದಲು ಕಾಣೋದು ನೋಟೇ. 1990ರಲ್ಲಿ ಅಲ್ಲಿ ಬೆಲೆಗಳು ಒಂದೇ ವರ್ಷಕ್ಕೆ ಆರೇಳು ಪಟ್ಟಾದವು. 1995ರಲ್ಲಿ ಅಲ್ಲಿನ ಹಣವಾದ ಜ್ಲೋಟಿಯಿಂದ ನಾಲ್ಕು ಸೊನ್ನೆ ಕಿತ್ತುಹಾಕಿದರು. ನೀನು ಬೇಕರಿಯಲ್ಲಿ ಕೊಡುವ ಎರಡು ಜ್ಲೋಟಿ ನಾಣ್ಯ ಇದೆಯಲ್ಲ, ಅದು ಹಳೇ ಲೆಕ್ಕದಲ್ಲಿ 20,000!

2004ರ ಮೇ 1ರಂದು ಯುರೋಪಿಯನ್ ಒಕ್ಕೂಟ ಸೇರಿದಾಗ ದುಡಿಯೋಕೆ ಸಿದ್ಧರಿದ್ದವರಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರಿಗೆ ಕೆಲಸ ಇರಲಿಲ್ಲ. ಬೆಲೆಗಳ ವ್ಯತ್ಯಾಸ ಕಳೆದು ನೋಡಿದರೆ ತಲಾ ಜಿಡಿಪಿ, ಅಂದ್ರೆ ದೇಶದ ಒಟ್ಟು ಉತ್ಪನ್ನದಲ್ಲಿ ಒಬ್ಬೊಬ್ಬರ ಪಾಲು, ಒಕ್ಕೂಟದ ಸರಾಸರಿಯ ಅರ್ಧದಷ್ಟಿತ್ತು. ಈಗ ನೂರಕ್ಕೆ 80ರ ಹತ್ತಿರ. ಒಕ್ಕೂಟದ ದುಡ್ಡಿನಲ್ಲಿ ರಸ್ತೆ ಆಯ್ತು, ನಿಜ, ಆದರೆ ದುಡ್ಡು 1981ರಲ್ಲೇ ಸೇರಿದ ಗ್ರೀಸ್‌ಗೂ ಸಿಕ್ಕಿತ್ತು. ಸೇರುವ ಮೊದಲೇ ಕಾನೂನು, ಲೆಕ್ಕಪತ್ರ, ಬ್ಯಾಂಕು ಎಲ್ಲವನ್ನೂ ವರ್ಷಗಟ್ಟಲೆ ಕೂತು ರಿಪೇರಿ ಮಾಡಿಕೊಂಡರಲ್ಲ, ನನ್ನ ಪ್ರಕಾರ ಅದೇ ದೊಡ್ಡದು. ಆಮೇಲೆ ಕಡಿಮೆ ಸಂಬಳಕ್ಕೆ ಒಳ್ಳೆ ಇಂಜಿನಿಯರ್ ಸಿಗ್ತಾರೆ, ಮಾಲು ಗಡಿ ದಾಟೋಕೆ ಸುಂಕ ಇಲ್ಲ ಅಂತ ಜರ್ಮನಿಯ ಕಾರ್ಖಾನೆಗಳು ಬಂದವು. ನಿಮ್ಮೂರಿನಲ್ಲೇ ಫೋಕ್ಸ್‌ವ್ಯಾಗನ್ ವ್ಯಾನು ತಯಾರಾಗುತ್ತೆ.

ಪೂರ್ವ ಜರ್ಮನಿ ನೋಡು. 1990ರ ಜುಲೈನಲ್ಲಿ ಅವರ ಸಂಬಳವನ್ನು ಒಂದಕ್ಕೊಂದು ಲೆಕ್ಕದಲ್ಲಿ ಪಶ್ಚಿಮ ಜರ್ಮನಿಯ ಹಣವಾದ ಮಾರ್ಕಿಗೆ ಬದಲಾಯಿಸಿದರು. ಜನ ಕುಣಿದರು. ಆದರೆ ಸಂಬಳದ ಜೊತೆ ಅವರ ಮಾಲೂ ದುಬಾರಿಯಾಯ್ತು, ಆ ಬೆಲೆಗೆ ಕೊಳ್ಳೋರೇ ಇಲ್ಲ, ಕಾರ್ಖಾನೆಗಳು ಸಾಲಾಗಿ ಮುಚ್ಚಿದವು. ಪೋಲೆಂಡು ತನ್ನ ಜ್ಲೋಟಿ ಬಿಡಲಿಲ್ಲ. ಯುರೋಪೆಲ್ಲ ಕುಸಿದ 2009ರಲ್ಲಿ ಜ್ಲೋಟಿ ಇಳಿದು ಅವರ ಮಾಲು ಅಗ್ಗವಾಯ್ತು, ಒಕ್ಕೂಟದಲ್ಲಿ ಅದೊಂದೇ ದೇಶ ಬೆಳೆಯಿತು.

ಈಗ ಅಲ್ಲೂ ಸಂಬಳ ಏರ್ತಿದೆ, ಅಗ್ಗ ಅಂತ ಬಂದವರು ಇನ್ನೊಂದು ಊರು ಹುಡುಕ್ತಾರೆ. ಒಕ್ಕೂಟದ ಸರಾಸರಿ ಮುಟ್ಟೋಕೆ ಉಳಿದ 20 ದಾಟಬೇಕಾದರೆ ಸ್ವಂತ ಬ್ರ್ಯಾಂಡು, ಸ್ವಂತ ವಿನ್ಯಾಸ ಬೇಕು. ನಿನ್ನ ಕಥೆಯೂ ಅದೇ ಅಲ್ವಾ? ನಿನ್ನ ಆಫೀಸು ಅಲ್ಲಿ ತೆರೆದಿದ್ದೂ ಸಂಬಳ ಕಡಿಮೆ ಅಂತಲೇ. ಬರೀ ಟಿಕೆಟ್, ಅಂದ್ರೆ ಬಂದ ದೂರುಗಳನ್ನ, ಮುಚ್ಚುವ ಕೆಲಸ ಬಿಟ್ಟು ವಿನ್ಯಾಸದ ತಂಡಕ್ಕೆ ಸೇರೋಕೆ ನೋಡು, ಬರ್ಲಿನ್ ಆದರೂ ಸರಿ, ಪೋಜ್ನಾನ್ ಆದರೂ ಸರಿ.

ಪೋಲೆಂಡಿನ ಪರ್ಮಿಟ್ ಇಟ್ಕೊಂಡು ಜರ್ಮನಿಯಲ್ಲಿ ಕೆಲಸಕ್ಕೆ ಸೇರೋಕಾಗಲ್ಲ, ಹೊಸದಾಗಿ ಅರ್ಜಿ ಹಾಕಬೇಕು, ಅದನ್ನೂ ವಿಚಾರಿಸು. ಎರಡೂ ಊರಿನ ಬಾಡಿಗೆ, ತೆರಿಗೆ, ಕೈಗೆ ಬರೋ ಸಂಬಳ ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸು. ಭಾನುವಾರ ಕೂತು ಕೂಡಿಸ್ತೀನಿ.

ದೊಡ್ಡಪ್ಪ